ಬನ್ನಿ, ಬಳ್ಳಾರಿ ಜಾಲಿ ಮತ್ತು ಅಹಿಂಸೆ

ಜೋಧಪುರದ ಮೆಹರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲದ ಮೇಲೆ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಹರಡಿಕೊಂಡಿದೆ. ಥಾರ್ ಮರುಭೂಮಿಯ ಕಲ್ಲುನೆಲದಲ್ಲಿ ತಾವಾಗಿ ಬೆಳೆಯುವ ಗಿಡಮರಗಳನ್ನು ಒಂದೆಡೆ ಉಳಿಸಿ ತೋರಿಸಬೇಕೆಂದು ಮೆಹರಾನ್‌ಗಢ ಮ್ಯೂಸಿಯಂ ಟ್ರಸ್ಟ್ 2006ರಲ್ಲಿ ಈ ಕೆಲಸ ಕೈಗೆತ್ತಿಕೊಂಡಿತು. 2011ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ಮಕ್ಕಳನ್ನು ಕರೆತರುವ ಕುಟುಂಬಗಳು ಇಲ್ಲಿ ಕಲ್ಲು, ಗಿಡ, ಹಕ್ಕಿ, ಹುಳಗಳನ್ನು ಗುರುತಿಸುತ್ತ ನಡೆಯುತ್ತವೆ. ಜೀವದ ಮೇಲೆ ಮಮತೆ ಹುಟ್ಟಲಿ ಎಂಬುದೇ ಇಂಥ ನಡಿಗೆಯ ಉದ್ದೇಶ. ಆದರೆ ಈ ಉದ್ಯಾನ ಶುರುವಾದದ್ದು ಗಿಡ ನೆಡುವುದರಿಂದಲ್ಲ, ಗಿಡ ಕೀಳುವುದರಿಂದ. ಅಲ್ಲಿ ಒತ್ತಾಗಿ ಬೆಳೆದಿದ್ದ ಒಂದು ಜಾತಿಯ ಮುಳ್ಳುಗಿಡವನ್ನು ಬೇರುಸಹಿತ ತೆಗೆದ ಮೇಲೆಯೇ ಉಳಿದ ಗಿಡಗಳಿಗೆ ಜಾಗ ಸಿಕ್ಕಿತು. ಹಸಿರು ಮರವನ್ನು ಕಡಿಯಗೊಡುವುದಿಲ್ಲವೆಂದು ಪ್ರಾಣ ಕೊಟ್ಟವರ ಊರು ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಒಂದನ್ನು ಕೊಂದು ಹಲವನ್ನು ಉಳಿಸುವುದು ಅಹಿಂಸೆಗೆ ಹೊಂದುತ್ತದೆಯೇ? ಹೊಂದುವುದಾದರೆ ಅದನ್ನು ಮಗುವಿಗೆ ಹೇಗೆ ಹೇಳಿಕೊಡಬೇಕು?

ಪ್ರಶ್ನೆಗೆ ಮೊದಲು ನಡಿಗೆಯನ್ನು ನೋಡಬೇಕು. ಸಿಂಘೋರಿಯಾ ಪೋಳ್ ಎಂಬ ಹಳೆಯ ನಗರದ್ವಾರದಲ್ಲಿ ಸಂದರ್ಶಕರ ಕೇಂದ್ರವಿದೆ. ಅಲ್ಲಿಂದ ಬೇರೆ ಬೇರೆ ಬಣ್ಣದ ಗುರುತು ಹಾಕಿದ ಕಾಲುದಾರಿಗಳು ಹೊರಡುತ್ತವೆ. ಹಿಂದಿನ ಕಾಲದಲ್ಲಿ ಮಳೆನೀರು ಹರಿಸಲೆಂದು ಬಂಡೆ ಕಡಿದು ಮಾಡಿದ ಕಾಲುವೆಯೊಳಗೂ ದಾರಿ ಸಾಗುತ್ತದೆ. ಎರಡೂ ಬದಿಯಲ್ಲಿ ನಿಂತಿರುವ ಕೆಂಗಂದು ಕಲ್ಲು ರಯೊಲೈಟ್. ಸುಮಾರು 75 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಉಕ್ಕಿ ಗಟ್ಟಿಯಾದದ್ದು. ಆ ಸಂಖ್ಯೆ ಎಂಟು ವರ್ಷದ ಮಗುವಿಗೆ ಏನನ್ನೂ ಹೇಳದು. ಕಲ್ಲಿನ ಮೇಲೆ ಅಂಗೈ ಇಟ್ಟು ಅದರ ಒರಟುತನವನ್ನೂ ಬಿಸಿಯನ್ನೂ ಅರಿಯುವುದು ಮಾತ್ರ ಅದಕ್ಕೆ ಸಾಧ್ಯ, ಮೊದಲ ಪಾಠಕ್ಕೆ ಅಷ್ಟು ಸಾಕು.

ಮರುಭೂಮಿ ಎಂದರೆ ಮರಳುಗುಡ್ಡ ಮತ್ತು ಒಂಟೆ ಎಂದು ಪಾಠಪುಸ್ತಕದ ಚಿತ್ರದಿಂದ ತಿಳಿದ ಮಗುವಿಗೆ ಇಲ್ಲಿ ಮರಳು ಕಾಣುವುದಿಲ್ಲ. ಬಂಡೆಯ ಬಿರುಕು ಕಾಣುತ್ತದೆ, ಬಿರುಕಿನಲ್ಲಿ ಒಂದು ಹಿಡಿಯಷ್ಟು ಮಣ್ಣು, ಮಣ್ಣಿನಲ್ಲಿ ಗಿಡ. ಜೋಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 350 ಮಿಲಿಮೀಟರ್ ಆಸುಪಾಸು. ಅದೂ ಬಹುಪಾಲು ಜುಲೈನಿಂದ ಸೆಪ್ಟೆಂಬರ್ ನಡುವೆ. ಇಷ್ಟರಲ್ಲಿ ಬದುಕಬೇಕಾದ ಗಿಡ ಒಂದೊಂದು ಉಪಾಯ ಕಂಡುಕೊಂಡಿದೆ. ಥೋರ್ ಎಂಬ ಕಳ್ಳಿ ಬರಗಾಲದಲ್ಲಿ ಎಲೆ ಉದುರಿಸಿ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಕೇರ್ ಎಂಬ ಪೊದೆ ಎಲೆಯ ಗೋಜಿಗೇ ಹೋಗದೆ ಹಸಿರು ಕಡ್ಡಿಗಳಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಅದರ ಕಾಯಿ ಜೋಧಪುರದ ಸುತ್ತಲಿನ ಮಾರವಾಡ ಸೀಮೆಯ ಉಪ್ಪಿನಕಾಯಿಗೂ ಪಲ್ಯಕ್ಕೂ ಬೇಕೇ ಬೇಕು. ಕನ್ನಡದ ಮನೆಗಳಲ್ಲಿ ಧೂಪಕ್ಕೆ ಹಾಕುವ ಗುಗ್ಗುಳ ಸುರಿಸುವ ಗಿಡವೂ ಈ ನೆಲದ್ದೇ. ಅಂಟಿಗಾಗಿ ಕಾಂಡ ಕೊಯ್ದು ಕೊಯ್ದು ಅದು ಇಂದು ಅಳಿವಿನಂಚಿಗೆ ಬಂದಿದೆ. ಎಕ್ಕವಂತೂ ಕರ್ನಾಟಕದ ಮಗುವಿಗೆ ಪರಿಚಿತವೇ. ಎಕ್ಕದ ಹಾಲಾಗಲಿ ಕಳ್ಳಿಯ ಹಾಲಾಗಲಿ ಕಣ್ಣಿಗೆ ತಾಗಿದರೆ ಅಪಾಯ ಎಂಬುದನ್ನು ತಂದೆತಾಯಿ ಮೊದಲೇ ಹೇಳಿಬಿಡಬೇಕು.

ಇಲ್ಲಿ ಮಕ್ಕಳಿಂದ ಮಾಡಿಸಬಹುದಾದ ಚಟುವಟಿಕೆಗಳಿಗೆ ಸಲಕರಣೆ ಬೇಕಿಲ್ಲ. ಒಂದು ಚದರ ಮೊಳದಷ್ಟು ನೆಲವನ್ನು ಆರಿಸಿಕೊಂಡು ಹತ್ತು ನಿಮಿಷ ಅದನ್ನೇ ನೋಡುತ್ತ ಕೂರುವುದು. ಕಣ್ಣು ಮುಚ್ಚಿ ಕೇಳಿಸುವ ಸದ್ದುಗಳನ್ನು ಬೆರಳು ಮಡಚಿ ಎಣಿಸುವುದು. ಕಳ್ಳಿಯ ಪೊದೆಯ ನಡುವೆ ಬೇರೆ ಯಾವ ಗಿಡದ ಸಸಿ ಅಡಗಿದೆ ಎಂದು ಇಣುಕಿ ಹುಡುಕುವುದು. ಈ ಕೊನೆಯದು ಬಹಳ ಒಳ್ಳೆಯ ಆಟ, ಏಕೆಂದರೆ ಹುಡುಕಿದರೆ ಸಿಗುವ ಸಾಧ್ಯತೆ ಹೆಚ್ಚು. ಆಡು ಬಾಯಿ ಹಾಕದ ಕಳ್ಳಿಯ ಮುಳ್ಳಿನ ಮರೆಯಲ್ಲಿ ಮೆತ್ತನೆಯ ಸಸಿಗಳು ಸುರಕ್ಷಿತವಾಗಿ ತಲೆಯೆತ್ತುತ್ತವೆ. ಮುಳ್ಳು ಎಂದರೆ ಕೆಟ್ಟದ್ದು ಎಂದುಕೊಂಡ ಮಗು ಮುಳ್ಳಿನೊಳಗೊಂದು ತೊಟ್ಟಿಲನ್ನು ಕಾಣುತ್ತದೆ. ಹೆಸರು ಹೇಳಿಕೊಡುವ ಅವಸರ ಬೇಡ. ಹೆಸರು ಸಿಕ್ಕ ಕೂಡಲೇ ಮಕ್ಕಳೂ ದೊಡ್ಡವರೂ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ.

ಈ ನೋಟಕ್ಕೂ ಅಹಿಂಸೆಗೂ ನೇರ ನಂಟಿದೆ. ದಿಗಂಬರರು ಉಮಾಸ್ವಾಮಿ ಎಂದೂ ಶ್ವೇತಾಂಬರರು ಉಮಾಸ್ವಾತಿ ಎಂದೂ ಕರೆಯುವ ಜೈನ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ವಿವರಣೆ ಬರುತ್ತದೆ. ಪ್ರಾಣಹರಣ ಎಂದಷ್ಟೇ ಹೇಳಿ ಅದು ನಿಲ್ಲುವುದಿಲ್ಲ. ಪ್ರಮತ್ತಯೋಗದಿಂದ, ಅಂದರೆ ಮೈಮರೆವಿನಿಂದ, ರಾಗದ್ವೇಷಗಳ ಮಬ್ಬಿನಲ್ಲಿ ಆಗುವ ಪ್ರಾಣಹರಣ ಹಿಂಸೆ ಎನ್ನುತ್ತದೆ. ಎಚ್ಚರ ತಪ್ಪುವುದು ಹಿಂಸೆಯ ಬೇರು ಎಂದಾದರೆ ಎಚ್ಚರವನ್ನು ರೂಢಿಸುವುದು ಅಹಿಂಸೆಯ ಮೊದಲ ಹೆಜ್ಜೆ. ಬಂಡೆಯ ಬಿರುಕಿನ ಮುಂದೆ ಹತ್ತು ನಿಮಿಷ ಕುಕ್ಕುರುಗಾಲಲ್ಲಿ ಕೂತ ಮಗು, ಯಾರೂ ಹಾಗೆಂದು ಹೇಳದಿದ್ದರೂ, ಧರ್ಮದ ಅಭ್ಯಾಸವನ್ನೇ ಮಾಡುತ್ತಿದೆ.

ಇನ್ನು ಕಿತ್ತುಹಾಕಿದ ಗಿಡದ ಕಥೆ. ಮಾರವಾಡದಲ್ಲಿ ಅದಕ್ಕೆ ಬಾವಳಿಯಾ ಎನ್ನುತ್ತಾರೆ, ಹಿಂದಿಯಲ್ಲಿ ವಿಲಾಯತಿ ಬಬೂಲ್. ಕನ್ನಡದಲ್ಲಿ ಅದೇ ಬಳ್ಳಾರಿ ಜಾಲಿ. ಕೆಲವೆಡೆ ಸೀಮೆ ಜಾಲಿ. ಸೀಮೆಎಣ್ಣೆ, ಸೀಮೆಬದನೆಗಳಂತೆ ಇದೂ ಹೊರಗಿನಿಂದ ಬಂದದ್ದೆಂದು ಎರಡನೆಯ ಹೆಸರು ನೆನಪಿಟ್ಟುಕೊಂಡಿದೆ. ಮೊದಲನೆಯದು ಮರೆತು ಊರನ್ನೇ ಕೊಟ್ಟುಬಿಟ್ಟಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಇದರ ತವರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಬಂತು. 1930ರ ದಶಕದಲ್ಲಿ ಜೋಧಪುರದ ಮಹಾರಾಜರು ಬೋಳು ಗುಡ್ಡಗಳು ಹಸಿರಾಗಲೆಂದು ಇದರ ಬೀಜವನ್ನು ವಿಮಾನದಿಂದ ಎರಚಿಸಿದರೆಂದು ಅಲ್ಲಿ ಹೇಳುತ್ತಾರೆ. ಉದ್ದೇಶ ಒಳ್ಳೆಯದೇ: ಬರಗಾಲದ ನಾಡಿಗೆ ನೆರಳು, ಸೌದೆ, ದನಕ್ಕೆ ಕಾಯಿ. ಆದರೆ ಗಿಡ ಊಹೆ ಮೀರಿ ಹಬ್ಬಿತು. ಆಡುಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡಿದವು. ಬೇರು ಆಳದ ನೀರನ್ನು ಹೀರಿತು, ಉದುರಿದ ಎಲೆ ಬೇರೆ ಬೀಜಗಳ ಮೊಳಕೆಯನ್ನು ತಡೆಯಿತು. ಕಡಿದರೆ ಬುಡದಿಂದ ನಾಲ್ಕು ಕವಲು ಎದ್ದವು.

ಉದ್ಯಾನದ ಹೊಣೆ ಹೊತ್ತವರು ಪ್ರದೀಪ್ ಕೃಷೆನ್. ಸಿನಿಮಾ ನಿರ್ದೇಶನ ಬಿಟ್ಟು ಮರಗಳ ಅಧ್ಯಯನಕ್ಕೆ ಇಳಿದು ದೆಹಲಿಯ ಮರಗಳ ಬಗ್ಗೆ ಹೆಸರಾಂತ ಪುಸ್ತಕ ಬರೆದವರು. ಬಾವಳಿಯಾವನ್ನು ಮೇಲ್ಮೈಯಲ್ಲಿ ಕಡಿದರೆ ಉಪಯೋಗವಿಲ್ಲ, ಬಂಡೆಯೊಳಗೆ ಮೊಳದುದ್ದ ಇಳಿದ ಬೇರಿನ ಚಿಗುರುವ ಭಾಗವನ್ನೇ ತೆಗೆಯಬೇಕು. ಆ ಕೆಲಸ ಮಾಡಿದವರು ಖಂಡವಾಲಿಯಾ ಎಂದು ಕರೆಯಲಾಗುವ, ತಲೆಮಾರುಗಳಿಂದ ಕಲ್ಲುಗಣಿಯಲ್ಲಿ ದುಡಿದ ಜನ. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಹೊಮ್ಮುವ ಸದ್ದು ಕೇಳಿ ಕಲ್ಲು ಎಲ್ಲಿ ಬಿಡುತ್ತದೆ, ಎಲ್ಲಿ ಬಿಗಿಯಾಗಿದೆ ಎಂದು ತಿಳಿದು, ಉಳಿಯಿಂದ ಕೊರೆದು ಒಂದೊಂದೇ ಬೇರನ್ನು ಹೊರತೆಗೆದರು. ಹಾಗೆ ಆದ ಗುಂಡಿಗಳೇ ನೆಲದ ಗಿಡಗಳಿಗೆ ಪಾತಿಯಾದವು.

ಮರಕ್ಕಾಗಿ ಪ್ರಾಣ ಕೊಟ್ಟವರ ಊರು ಎಂದು ಮೊದಲು ಹೇಳಿದ ಖೇಜಡಲಿ ಜೋಧಪುರದಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿದೆ. 1730ರಲ್ಲಿ ಮಹಾರಾಜ ಅಭಯ ಸಿಂಗನ ಅರಮನೆ ಕಟ್ಟಲು ಸುಣ್ಣ ಸುಡಬೇಕಾಗಿ, ಸೌದೆಗಾಗಿ ರಾಜನ ಆಳುಗಳು ಆ ಊರಿನ ಖೇಜಡಿ ಮರಗಳನ್ನು ಕಡಿಯಲು ಬಂದರು. ಬಿಷ್ಣೋಯಿ ಸಮುದಾಯದ ಅಮೃತಾ ದೇವಿ ಮರವನ್ನು ತಬ್ಬಿ ನಿಂತಳು, ಕೊಡಲಿಗೆ ಬಲಿಯಾದಳು. ಅವಳ ಮೂವರು ಹೆಣ್ಣುಮಕ್ಕಳೂ ಹಾಗೆಯೇ ಪ್ರಾಣ ಕೊಟ್ಟರು. ಸುದ್ದಿ ಹಬ್ಬಿ ಸುತ್ತಲಿನ ಊರುಗಳಿಂದ ಜನ ಬಂದರು. ಒಟ್ಟು 363 ಮಂದಿ ಸತ್ತರು. ಅದಾದ ಮೇಲೆ ಬಿಷ್ಣೋಯಿಗಳ ಊರುಗಳಲ್ಲಿ ಹಸಿರು ಮರ ಕಡಿಯುವುದನ್ನು ರಾಜಾಜ್ಞೆಯೇ ನಿಷೇಧಿಸಿತು. 1485ರಲ್ಲಿ ಗುರು ಜಂಭೇಶ್ವರರು ಕಟ್ಟಿದ ಈ ಪಂಥಕ್ಕೆ 29 ನಿಯಮಗಳಿವೆ; ಇಪ್ಪತ್ತು ಮತ್ತು ಒಂಬತ್ತು ಸೇರಿಯೇ ಬಿಷ್ಣೋಯಿ ಎಂಬ ಹೆಸರು ಬಂತೆನ್ನುವುದುಂಟು. ಹಸಿರು ಮರ ಕಡಿಯಬಾರದು, ಜೀವಿಗಳಲ್ಲಿ ದಯೆಯಿರಬೇಕು, ಉರಿಸುವ ಸೌದೆಯಲ್ಲಿ ಹುಳುವಿದೆಯೇ ಎಂದು ನೋಡಿಕೊಳ್ಳಬೇಕು ಎಂಬವು ಅದರಲ್ಲಿ ಸೇರಿವೆ.

ಬೆಳಿಗ್ಗೆ ಉದ್ಯಾನ, ಮಧ್ಯಾಹ್ನ ಖೇಜಡಲಿ ಎಂದು ಒಂದೇ ದಿನದಲ್ಲಿ ಎರಡನ್ನೂ ನೋಡುವ ಕುಟುಂಬದ ಮಗು ಕೇಳಿಯೇ ಕೇಳುತ್ತದೆ: ಅಲ್ಲಿ ಗಿಡ ಕಿತ್ತವರು ಒಳ್ಳೆಯವರು, ಇಲ್ಲಿ ಮರ ಕಡಿಯಲು ಬಂದವರು ಕೆಟ್ಟವರು ಹೇಗೆ? ಬಿಷ್ಣೋಯಿಗಳ ನಿಯಮ ಮರದ ಜಾತಿ ನೋಡಿ ಹೇಳಿದ್ದಲ್ಲ. ಹಸಿರಾಗಿರುವುದು ಬದುಕಿದೆ, ಬದುಕಿರುವುದನ್ನು ಕಡಿಯಬೇಡ ಎಂದಷ್ಟೇ ಅದರ ಮಾತು. ಬಾವಳಿಯಾ ಭಾರತಕ್ಕೆ ಕಾಲಿಡುವ ಮುಂಚಿನ ನಿಯಮ ಅದು ಎಂದು ಹೇಳಿ ನುಣುಚಿಕೊಳ್ಳುವುದು ಸುಲಭ. ಮಗುವಿನ ಪ್ರಶ್ನೆ ಅದಕ್ಕಿಂತ ದೊಡ್ಡದು.

ಪರಿಸರ ಚಿಂತನೆಯ ಒಂದು ಧಾರೆ ಸಲೀಸಾದ ಉತ್ತರ ಕೊಡುತ್ತದೆ. ಅಮೆರಿಕದ ಆಲ್ಡೊ ಲಿಯೋಪೋಲ್ಡ್ 1949ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಮಂಡಿಸಿದ ನೆಲದ ನೀತಿಯಂತೆ ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲ ಸೇರಿದ ಸಮುದಾಯದ ಹಿತವೇ ಅಳತೆಗೋಲು. ಸಮುದಾಯಕ್ಕೆ ಕೇಡು ತರುವುದನ್ನು ತೆಗೆಯಬಹುದು. ಇದಕ್ಕೆ ಟಾಮ್ ರೀಗನ್ 1983ರಲ್ಲಿ ಎತ್ತಿದ ಆಕ್ಷೇಪ ಕಠಿಣವಾದದ್ದು: ಒಟ್ಟು ಹಿತದ ಹೆಸರಿನಲ್ಲಿ ಒಂದೊಂದು ಜೀವವನ್ನು ಬಲಿಕೊಡುವ ತರ್ಕ ಎಲ್ಲಿ ನಿಲ್ಲುತ್ತದೆ? ರೀಗನ್‌ಗೆ ಮುಖ್ಯವಾದದ್ದು ಪ್ರಾಣಿಗಳ ಹಕ್ಕು, ಗಿಡಗಳದ್ದಲ್ಲ. ಆದರೂ ಗಿಡದಂಥ ಏಕೇಂದ್ರಿಯ ಜೀವಿಗೂ ನೋವಿದೆ ಎನ್ನುವ ಜೈನ ದರ್ಶನವನ್ನು ಬಲ್ಲ ನಾಡಿನಲ್ಲಿ ಆ ಆಕ್ಷೇಪವನ್ನು ಗಿಡದವರೆಗೂ ಎಳೆಯಲೇಬೇಕಾಗುತ್ತದೆ.

ಜೈನ ದರ್ಶನ ಈ ಗಂಟನ್ನು ಹೆಚ್ಚು ಪ್ರಾಮಾಣಿಕವಾಗಿ ಬಿಡಿಸುತ್ತದೆ. ಗಿಡಮರಗಳಂಥ ಸ್ಥಾವರ ಜೀವಿಗಳ ಹಿಂಸೆಯಿಲ್ಲದೆ ಗೃಹಸ್ಥ ಬದುಕಲಾರ ಎಂದು ಅದು ಒಪ್ಪುತ್ತದೆ. ಆದರೆ ಒಪ್ಪಿದ ಮಾತ್ರಕ್ಕೆ ಅದು ಹಿಂಸೆಯಲ್ಲ ಎನ್ನುವುದಿಲ್ಲ. ಅಡುಗೆ, ಮನೆವಾರ್ತೆಯಲ್ಲಿ ಆಗುವುದು ಆರಂಭಿ ಹಿಂಸೆ, ಕಸುಬಿನಲ್ಲಿ ಆಗುವುದು ಉದ್ಯೋಗಿ, ರಕ್ಷಣೆಗಾಗಿ ಎದುರು ನಿಲ್ಲುವಾಗ ಆಗುವುದು ವಿರೋಧಿ, ಬೇಕೆಂದೇ ಮಾಡುವುದು ಸಂಕಲ್ಪಿ. ಗೃಹಸ್ಥ ಕೊನೆಯದನ್ನು ಪೂರ್ತಿ ಬಿಡಬೇಕು, ಮಿಕ್ಕವನ್ನು ಕಡಿಮೆ ಮಾಡುತ್ತ ಹೋಗಬೇಕು. ಬಾವಳಿಯಾ ಕಿತ್ತದ್ದು ಯಾವ ಬಗೆ? ಬೇರೆ ಗಿಡಗಳ ರಕ್ಷಣೆಗೆಂದು ಮಾಡಿದ್ದರಿಂದ ವಿರೋಧಿ ಎನ್ನಬಹುದು, ಯೋಚಿಸಿ ನಿರ್ಧರಿಸಿ ಮಾಡಿದ್ದರಿಂದ ಸಂಕಲ್ಪಿ ಎಂದೂ ಅನ್ನಬಹುದು. ಎರಡೂ ಮಾತಿನಲ್ಲಿ ಹುರುಳಿದೆ. ಹಾಗಾಗಿ ಇಲ್ಲಿ ಹಿಂಸೆ ನಡೆದೇ ಇಲ್ಲ ಎನ್ನುವ ದಾರಿ ಯಾರಿಗೂ ಇಲ್ಲ.

ತೂಗಿನೋಡಬೇಕಾದದ್ದು ಎಚ್ಚರವನ್ನು. ವಿಮಾನದಿಂದ ಬೀಜ ಎರಚುವುದು ನೋಟಕ್ಕೆ ಜೀವ ಕೊಡುವ ಕೆಲಸ, ಬೇರು ಕೀಳುವುದು ಜೀವ ತೆಗೆಯುವ ಕೆಲಸ. ಆದರೆ ಬೀಜ ಎರಚಿದ ಕೈಗೂ ನೆಲಕ್ಕೂ ನಡುವೆ ದೊಡ್ಡ ಅಂತರವಿತ್ತು. ಕೆಳಗಿನ ಬಿರುಕಿನಲ್ಲಿ ಆಗಲೇ ಏನು ಬೆಳೆದಿದೆ, ಇನ್ನೇನು ಮೊಳೆಯಲಿದೆ ಎಂದು ಅದು ಕೇಳಲಿಲ್ಲ. ಅಲ್ಲಿ ಏನೂ ಇಲ್ಲ ಎಂದುಕೊಂಡಿತು. ಮರುಭೂಮಿಯನ್ನು ಖಾಲಿ ಜಾಗ ಎಂದು ತಿಳಿಯುವುದೇ ದೊಡ್ಡ ಪ್ರಮಾದ. ಅದರ ಎದುರಿಗೆ, ಬಂಡೆಗೆ ಕಿವಿಗೊಟ್ಟು ಒಂದು ಬೇರಿಗೊಂದು ಗುಂಡಿ ತೋಡಿದ ಖಂಡವಾಲಿಯಾ ಕೊಂದದ್ದು ನಿಜ, ಆದರೆ ಮೈಯೆಲ್ಲ ಎಚ್ಚರವಾಗಿ ಕೊಂದ. ಕೊಂದ ಜಾಗವನ್ನು ಬರಿದಾಗಿ ಬಿಡಲಿಲ್ಲ. ಖೇಜಡಲಿಗೆ ಬಂದ ರಾಜನ ಆಳುಗಳಿಗೆ ಆ ಮರಗಳು ಒಲೆಗೆ ಬೇಕಾದ ಸೌದೆ ಮಾತ್ರವಾಗಿದ್ದವು. ಅಮೃತಾ ದೇವಿಗೆ ಅವು ತನ್ನ ಊರಿನ, ದಿನವೂ ಕಣ್ಣಿಗೆ ಬೀಳುವ ಮರಗಳು. ಮಗುವಿನ ಪ್ರಶ್ನೆಗೆ ಉತ್ತರ ಸಿಗುವುದು ಈ ವ್ಯತ್ಯಾಸದಲ್ಲಿ. ಇದು ಪೂರ್ತಿ ಸಮಾಧಾನ ಕೊಡುವ ಉತ್ತರವಲ್ಲ, ಕೊಡಲೂಬಾರದು. ಆಫ್ರಿಕದ ಲಂಬಾರೆನೆಯಲ್ಲಿ ಆಸ್ಪತ್ರೆ ನಡೆಸಿದ ಆಲ್ಬರ್ಟ್ ಶ್ವೈಟ್ಜರ್ ಜೀವಗೌರವದ ತತ್ತ್ವ ವಿವರಿಸುವಾಗ ಒಂದು ಉದಾಹರಣೆ ಕೊಡುತ್ತಾರೆ: ದನದ ಮೇವಿಗಾಗಿ ಹುಲ್ಲುಗಾವಲಿನ ಸಾವಿರ ಹೂಗಳನ್ನು ಕೊಯ್ದ ರೈತ, ಮನೆಗೆ ಹೋಗುವಾಗ ದಾರಿಬದಿಯ ಒಂದೇ ಒಂದು ಹೂವನ್ನೂ ಸುಮ್ಮನೆ ಚಿವುಟಬಾರದು. ಅನಿವಾರ್ಯತೆ ಎಲ್ಲಿ ಮುಗಿಯುತ್ತದೋ ಅಲ್ಲಿ ಕೈ ತಡೆಯಬೇಕು. ಉದ್ಯಾನದಲ್ಲಿ ಎಲೆ ಕೀಳಬೇಡ ಎಂದು ಮಗುವಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವಿಲ್ಲ.

ಇಲ್ಲೊಂದು ಅಪಾಯದ ತಿರುವಿದೆ. ಹೊರಗಿನಿಂದ ಬಂದದ್ದು, ಅದಕ್ಕೇ ಕಿತ್ತರು ಎಂದು ಮಗುವಿಗೆ ವಿವರಿಸುವುದು ಸುಲಭ. ಆ ವಿವರಣೆ ತಪ್ಪು, ಬೆಳೆಯುವ ಮನಸ್ಸಿಗೆ ಅದು ವಿಷ. ಜೋಧಪುರದ ಹತ್ತಿರದ ಮಥಾನಿಯಾ ಮೆಣಸಿನಕಾಯಿಗೆ ದೊಡ್ಡ ಹೆಸರು, ಕನ್ನಡನಾಡಿನ ಬ್ಯಾಡಗಿಗೆ ಇರುವಂತೆ. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದದ್ದು, ಶೇಂಗಾ ಕೂಡ. ಅವು ಬಂದು ಇಲ್ಲಿಯವೇ ಆದವು. ಬಾವಳಿಯಾವನ್ನು ತೆಗೆದದ್ದು ಅದು ಬಂದ ದಿಕ್ಕಿಗಾಗಿ ಅಲ್ಲ, ಆ ಬಂಡೆಯ ಮೇಲೆ ಅದು ಬೇರೆ ಯಾವುದನ್ನೂ ಬದುಕಗೊಡದ ಕಾರಣಕ್ಕಾಗಿ. ತವರು ಯಾವುದು ಎಂಬುದು ದೋಷವಲ್ಲ, ನಡವಳಿಕೆ ಏನು ಎಂಬುದು ಪ್ರಶ್ನೆ. ಗಿಡಕ್ಕಾದರೂ ದೋಷ ಹೊರಿಸಲಾಗದು. ಅದು ತನ್ನ ಸ್ವಭಾವದಂತೆ ಬೆಳೆಯಿತು. ತಪ್ಪು ನೋಡದೆ ಎರಚಿದವರದು.

ಗಡಿಯನ್ನೂ ಗುರುತಿಸಬೇಕು. ಬಂಡೆ ಗಿಡಗಳಿಗೆಂದೇ ಮೀಸಲಾದ 70 ಹೆಕ್ಟೇರಿನಲ್ಲಿ ಸರಿಯೆನಿಸಿದ್ದು ಇಡೀ ಮಾರವಾಡಕ್ಕೋ ರಾಯಚೂರು, ಬಳ್ಳಾರಿ ಸೀಮೆಗೋ ಹಾಗೆಯೇ ಅನ್ವಯಿಸುವುದಿಲ್ಲ. ಎಷ್ಟೋ ಬಡ ಮನೆಗಳ ಒಲೆ ಉರಿಯುವುದು ಜಾಲಿಯ ಸೌದೆಯಿಂದ. ಜಾಲಿ ಕಡಿದು ಇದ್ದಿಲು ಸುಟ್ಟು ಹೊಟ್ಟೆ ಹೊರೆಯುವವರಿದ್ದಾರೆ. ಬದಲಿ ಸೌದೆಯ ಚಿಂತೆ ಮಾಡದೆ ಜಾಲಿಯನ್ನು ನಿರ್ಮೂಲ ಮಾಡಹೊರಟರೆ ಅದೂ ವಿಮಾನದಿಂದ ನೆಲ ನೋಡಿದ ಹಾಗೆಯೇ.

ಮಕ್ಕಳಿಗೆ ಇದನ್ನೆಲ್ಲ ಮಾತಿನಲ್ಲಿ ಹೇಳುವುದಕ್ಕಿಂತ ಕೈಗೆ ಎರಡು ಒಣಕಡ್ಡಿ ಕೊಡುವುದು ಮೇಲು, ಬಿದ್ದ ಕಡ್ಡಿ ಹುಡುಕಿದರೆ ಸಿಗುತ್ತದೆ. ಒಂದು ಖೇಜಡಿಯದು, ಇನ್ನೊಂದು ಬಾವಳಿಯಾದ್ದು. ಮೊದಲ ನೋಟಕ್ಕೆ ಅಣ್ಣತಮ್ಮಂದಿರಂತಿವೆ. ಇತ್ತೀಚಿನವರೆಗೂ ಸಸ್ಯಶಾಸ್ತ್ರಜ್ಞರು ಎರಡನ್ನೂ ಪ್ರೊಸೊಪಿಸ್ ಎಂಬ ಒಂದೇ ಕುಲದಲ್ಲಿಟ್ಟಿದ್ದರು, 2022ರಲ್ಲಷ್ಟೇ ಬಾವಳಿಯಾ ಮತ್ತು ಅದರ ಅಮೆರಿಕದ ಬಂಧುಗಳನ್ನು ಬೇರೆ ಮಾಡಿದರು. ಹತ್ತಿರ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಬಾವಳಿಯಾದ ಉದ್ದ ಮುಳ್ಳು ಎಲೆ ಹೊರಡುವ ಗೆಣ್ಣಿನಲ್ಲೇ ಇರುತ್ತದೆ, ಹಲವೆಡೆ ಜೋಡಿಯಾಗಿ. ಖೇಜಡಿಯದು ಬುಡ ದಪ್ಪಗಿರುವ ಗಿಡ್ಡ ಮುಳ್ಳು, ಗೆಣ್ಣು ಗೆಣ್ಣಿನ ನಡುವಿನ ಕಡ್ಡಿಯ ಮೇಲೆ ಅಲ್ಲೊಂದು ಇಲ್ಲೊಂದು ಚೆದುರಿರುತ್ತದೆ. ಕಾಯಿಯೂ ಬೇರೆ: ಬಾವಳಿಯಾದ್ದು ಚಪ್ಪಟೆ, ಹಣ್ಣಾದಾಗ ಹಳದಿ, ಖೇಜಡಿಯದು ಸಪೂರ. ಎಳೆಯದಾಗಿದ್ದಾಗಲೇ ಕಿತ್ತು ಒಣಗಿಸಿದರೆ ಅದೇ ಸಾಂಗರಿ, ಮಾರವಾಡದ ಊಟದ ಹೆಮ್ಮೆ. ಇಷ್ಟು ಹೋಲುವ ಎರಡು ಜೀವಗಳಲ್ಲಿ ಒಂದರ ನೆರಳಲ್ಲಿ ಸಜ್ಜೆ ಬೆಳೆಯುತ್ತದೆ, ಇನ್ನೊಂದರ ಕೆಳಗೆ ಹುಲ್ಲೂ ಕಷ್ಟ ಎಂಬುದನ್ನು ಮಗು ತಾನೇ ಕಂಡರೆ, ವಿವೇಕ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗುವುದಿಲ್ಲ.

ಖೇಜಡಿ 1983ರಿಂದ ರಾಜಸ್ಥಾನದ ರಾಜ್ಯವೃಕ್ಷ. ಸಂಸ್ಕೃತದಲ್ಲಿ ಅದು ಶಮಿ, ಕನ್ನಡದಲ್ಲಿ ಬನ್ನಿ. ಕೆಲವು ಕಡೆ ಬೇರೆ ಮರವನ್ನೂ ಬನ್ನಿ ಎನ್ನುವುದುಂಟು. ಆದರೆ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ನಿಂತಿರುವುದು ಖೇಜಡಿಯೇ. ಪಾಂಡವರು ಆಯುಧ ಅಡಗಿಸಿಟ್ಟ ಮರವೆಂದು ವಿಜಯದಶಮಿಯಂದು ಅದಕ್ಕೆ ಪೂಜೆ, ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಹಿರಿಯರ ಕಾಲಿಗೆ ನಮಸ್ಕಾರ. ಅದೇ ದಿನ ಎಷ್ಟೋ ಊರುಗಳಲ್ಲಿ ಮರದ ಟೊಂಗೆ ಟೊಂಗೆಯನ್ನೇ ಮುರಿದು ತರುತ್ತಾರೆ. ಸಂಜೆಗೆ ಪೂಜೆಗೊಂಡ ಮರ ಬೋಳಾಗಿರುತ್ತದೆ, ಮುರಿದ ಬನ್ನಿ ರಸ್ತೆಯಲ್ಲಿ ತುಳಿತಕ್ಕೆ ಸಿಕ್ಕಿರುತ್ತದೆ. ಭಕ್ತಿಯೂ ಮೈಮರೆತರೆ ಹಿಂಸೆಯಾಗುತ್ತದೆ ಎಂಬುದಕ್ಕೆ ಜೋಧಪುರದವರೆಗೆ ಹೋಗಬೇಕಾಗಿಲ್ಲ.

ಬನ್ನಿಯೂ ಬಳ್ಳಾರಿ ಜಾಲಿಯೂ ಈ ನಾಡಿನ ಬಯಲುಸೀಮೆಯಲ್ಲಿ ಕೆಲವೆಡೆ ಒಂದೇ ಹೊಲದ ಬದುವಿನ ಮೇಲಿವೆ. ಮುಂದಿನ ದಸರೆಗೆ ಬನ್ನಿ ತರಲು ಹೋಗುವ ತಂದೆತಾಯಿ ಮಕ್ಕಳನ್ನೂ ಕರೆದೊಯ್ಯಲಿ. ಎರಡರ ಮುಳ್ಳನ್ನೂ ಹತ್ತಿರದಿಂದ ತೋರಿಸಲಿ, ಅಮೃತಾ ದೇವಿ ತಬ್ಬಿದ್ದು ಇದೇ ಮರವನ್ನು ಎಂದು ಹೇಳಲಿ. ಹಂಚಲು ತಲೆಗೊಂದು ಎಸಳು ಸಾಕು.